ನೀಲಾಂಜನೆಯ ಬದಲಿಗೆ ಬಂದವಳು

ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗವು ಕನ್ನಡ ಬಲ್ಲ ಜೈನ ಬಂಧುಗಳಿಗೆಲ್ಲ ಪರಿಚಿತವಾದದ್ದು. ರಾಜ್ಯಭೋಗದಲ್ಲಿದ್ದ ವೃಷಭದೇವನ ಮನಸ್ಸನ್ನು ವೈರಾಗ್ಯದ ಕಡೆಗೆ ತಿರುಗಿಸುವ ಕಾಲವು ಸಮೀಪಿಸಿತೆಂದು ಅರಿತ ಇಂದ್ರನು, ಆಯುಷ್ಯ ಮುಗಿಯುತ್ತ ಬಂದಿದ್ದ ದೇವನರ್ತಕಿಯೊಬ್ಬಳನ್ನು ಸಭೆಯಲ್ಲಿ ಕುಣಿಯಲು ನಿಯೋಜಿಸುತ್ತಾನೆ. ಅವಳು ನರ್ತಿಸುತ್ತಿರುವಂತೆಯೇ ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಒಡನೆಯೇ ಅವಳನ್ನೇ ಹೋಲುವ ಇನ್ನೊಬ್ಬಳನ್ನು ನಿರ್ಮಿಸಿ, ನಿಂತ ಹೆಜ್ಜೆಯಿಂದಲೇ ನೃತ್ಯವನ್ನು ಮುಂದುವರಿಸುತ್ತಾನೆ. ಸಭೆಯು ಮೊದಲಿನಂತೆಯೇ ನೋಡುತ್ತಿರುತ್ತದೆ. ಒಬ್ಬಳು ಹೋದಳು, ಮತ್ತೊಬ್ಬಳು ಬಂದಳು ಎಂಬುದು ಆದಿದೇವನೊಬ್ಬನಿಗೆ ಗೋಚರಿಸುತ್ತದೆ. ಅವನ ವೈರಾಗ್ಯವು ಅಲ್ಲಿಂದ ಆರಂಭವಾಗುತ್ತದೆ.

ಈ ಪ್ರಸಂಗವನ್ನು ಕುರಿತು ಬರೆದವರು ನೀಲಾಂಜನೆಯ ಅಳಿವನ್ನೂ ಆದಿದೇವನ ಅರಿವನ್ನೂ ವಿಸ್ತಾರವಾಗಿ ವಿವೇಚಿಸುವುದು ರೂಢಿ. ಬದಲಿಗೆ ಬಂದವಳ ವಿಷಯವನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಅವಳಿಗೆ ಸ್ವಂತ ಹೆಸರೂ ಇಲ್ಲ. ನಮ್ಮ ಮನೆತನದ ಸಂಪ್ರದಾಯದ ಕಥೆಗಳಲ್ಲಿ ನೀಲಾಂಜನೆ ಬರುವುದಿಲ್ಲ. ಬಿ.ಕಾಂ. ತರಗತಿಯಲ್ಲಿ ಭಾಷಾಪಠ್ಯದ ಮೂಲಕ ನಾನು ಅವಳನ್ನು ಅರಿತೆನು. ಆಗ ಬದಲಿಯವಳು ನನಗೂ ಮುಖ್ಯಳೆನಿಸಿರಲಿಲ್ಲ. ಈ ನಾಲ್ಕಾರು ವರ್ಷಗಳಲ್ಲಿ, ಅಗಲಿದವರ ಮುಖವನ್ನೂ ಧ್ವನಿಯನ್ನೂ ಯಂತ್ರಗಳು ಅನುಕರಿಸತೊಡಗಿದ ಮೇಲೆ, ಆ ಕಾವ್ಯವನ್ನು ಮತ್ತೆ ತೆರೆದು ಓದಬೇಕಾಯಿತು. ಓದಿ ತಿಳಿದದ್ದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ನಾಡಿನಲ್ಲಿ ನಡೆದಿರುವ ಕೆಲವು ಸಂಗತಿಗಳನ್ನು ಗಮನಿಸೋಣ. ನಟ ವಿಷ್ಣುವರ್ಧನ್ ಅವರು 2009ರ ಡಿಸೆಂಬರ್ 30ರಂದು ತೀರಿಕೊಂಡರು. 2016ರಲ್ಲಿ ಕೋಡಿ ರಾಮಕೃಷ್ಣ ಅವರ ನಿರ್ದೇಶನದಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದಲ್ಲಿ, ಗಣಕಯಂತ್ರದ ನೆರವಿನಿಂದ ಅವರ ಮುಖವನ್ನು ಪರರ ದೇಹದ ಮೇಲೆ ಕೂಡಿಸಿ ಅವರನ್ನು ಮತ್ತೆ ತೆರೆಗೆ ತರಲಾಯಿತು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಅದೇ ಹೆಸರಿನ ಚಿತ್ರದ ಮೂಲಕ ಅವರಿಗೆ ಕೀರ್ತಿ ತಂದುಕೊಟ್ಟಿದ್ದರೆಂಬುದನ್ನು ನೆನೆದರೆ, ನಿರ್ಮಾತೃಗಳ ಆಶಯವು ಗೌರವವೇ ಆಗಿದ್ದಿತೆಂದು ಒಪ್ಪಬಹುದು. ಆದರೂ ಆ ತೆರೆಯ ಮೇಲಿನ ಚಲನೆ ಅವರದಾಗಿರಲಿಲ್ಲ. ಆ ಪಾತ್ರವನ್ನು ಅವರು ಓದಿರಲಿಲ್ಲ, ಒಪ್ಪಿರಲಿಲ್ಲ, ನಿರಾಕರಿಸುವ ಅವಕಾಶವೂ ಅವರಿಗಿರಲಿಲ್ಲ.

ಪುನೀತ್ ರಾಜಕುಮಾರ್ ಅವರ ‘ಜೇಮ್ಸ್’ ಚಿತ್ರದ ಸಂಗತಿ ಬೇರೆ. ಅವರು 2021ರ ಅಕ್ಟೋಬರ್ 29ರಂದು ಅಕಾಲಿಕವಾಗಿ ನಿಧನರಾದಾಗ, ಆ ಚಿತ್ರದಲ್ಲಿ ಅವರ ಅಭಿನಯವಿತ್ತು. ಮಾತಿನ ಮರುಮುದ್ರಣ ಆಗಿರಲಿಲ್ಲ. ಅಣ್ಣ ಶಿವರಾಜಕುಮಾರ್ ಅವರು ತಮ್ಮನ ಪಾತ್ರಕ್ಕೆ ಧ್ವನಿ ಕೊಟ್ಟರು. 2022ರ ಮಾರ್ಚ್ 17ರಂದು, ಪುನೀತರ ಜನ್ಮದಿನದಂದು, ಚಿತ್ರವು ಆ ಧ್ವನಿಯೊಡನೆ ಬಿಡುಗಡೆಯಾಯಿತು. ಮರುತಿಂಗಳು ತಂತ್ರಜ್ಞಾನದ ಸಹಾಯದಿಂದ ಪುನೀತರದೇ ಧ್ವನಿಯನ್ನು ಅಳವಡಿಸಿ ಮತ್ತೆ ಪ್ರದರ್ಶಿಸಲಾಯಿತು. ಇಲ್ಲಿ ಪಾತ್ರವನ್ನು ಒಪ್ಪಿದವರೂ ಅಭಿನಯಿಸಿದವರೂ ಅವರೇ. ಯಂತ್ರವು ಅರ್ಧಕ್ಕೆ ನಿಂತ ಅವರ ಕೆಲಸವನ್ನು ಪೂರ್ಣಗೊಳಿಸಿತೇ ಹೊರತು ಹೊಸ ಕೆಲಸವನ್ನು ಅವರ ತಲೆಗೆ ಕಟ್ಟಲಿಲ್ಲ. ‘ನಾಗರಹಾವು’ ಮತ್ತು ‘ಜೇಮ್ಸ್’ಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಈ ಅಂತರವನ್ನು ಗಮನಿಸಬೇಕು.

ನಮ್ಮ ಮನೆಯವರು ಎರಡೂ ‘ಜೇಮ್ಸ್’ಗಳನ್ನು ನೋಡಿದರು. ಮಕ್ಕಳಿಗೆ ಎರಡನೆಯದು ಹಿಡಿಸಿತು. ನನಗೆ ಮೊದಲನೆಯದು. ತಮ್ಮನ ತುಟಿಗಳು ಚಲಿಸುತ್ತಿರುವಾಗ ಅಣ್ಣನ ಕಂಠ ಕೇಳಿಬಂದರೆ, ತಮ್ಮ ಇಲ್ಲ ಎಂಬುದನ್ನು ಯಾರೂ ಮರೆಯುವಂತಿಲ್ಲ. ಈ ಮಾತನ್ನು ನಾನು ಆಗ ಲಘುವಾಗಿ ಹೇಳಿದ್ದೆ. ಅದು ನನ್ನ ಮನೆಗೇ ಬರುವುದೆಂದು ತಿಳಿದಿರಲಿಲ್ಲ.

ನಮ್ಮ ತಂದೆಯವರು ಮಾರವಾಡದಿಂದ ಬಂದು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ನಂದಿದುರ್ಗ ಗಣಿಯ ಕಾರ್ಮಿಕರ ಲೈನುಗಳಿಗೆ ಉದ್ದರಿಯಲ್ಲಿ ಬಟ್ಟೆ ಮಾರುತ್ತ ವ್ಯಾಪಾರವನ್ನು ಕಟ್ಟಿದವರು. ಅವರ ಅನಂತರ ಅಣ್ಣನವರೂ ನಾನೂ ಪಾಲುದಾರರಾಗಿದ್ದೆವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಂಬಳ ನಿಂತ ಮನೆಗಳಿಂದ ಬಾಕಿ ವಸೂಲಾಗಲಿಲ್ಲ; ವಸೂಲು ಮಾಡುವ ಮುಖವೂ ನಮಗಿರಲಿಲ್ಲ. ಮುಂದೆ ನಾವು ಬೇರೆಯಾದಾಗ ಅಣ್ಣನವರು ಬಂಗಾರಪೇಟೆಯ ಅಂಗಡಿಯನ್ನೂ ನಾನು ರಾಬರ್ಟ್‌ಸನ್‌ಪೇಟೆಯದನ್ನೂ ತೆಗೆದುಕೊಂಡೆವು. ಲೆಕ್ಕ ಬರೆದವನು ನಾನು. ಮುಳುಗಿಹೋದ ಉದ್ದರಿಯ ದೊಡ್ಡ ಭಾಗವನ್ನು ಅವರ ಪಾಲಿನ ಆಸ್ತಿಯೆಂದು ತೋರಿಸಿದೆನು. ಕಾಗದದ ಮೇಲೆ ಪಾಲು ಸಮವಾಗಿತ್ತು. ಅಣ್ಣನವರು ರುಜು ಹಾಕಿದರು. ಆ ಮೇಲೆ ನಮ್ಮ ನಡುವೆ ಹಬ್ಬಹರಿದಿನಗಳ ಮಾತು ಮಾತ್ರ ಉಳಿಯಿತು. ಪ್ರತಿ ಸಂವತ್ಸರಿಯಂದು ಪರಸ್ಪರ ಕ್ಷಮೆ ಕೇಳುತ್ತಿದ್ದೆವು. ಆದರೆ ಊರಿಗೆಲ್ಲ ಹೇಳುವ ರೀತಿಯಲ್ಲಿ ಕೇಳುತ್ತಿದ್ದೆವೇ ಹೊರತು, ಆ ಲೆಕ್ಕದ ಹೆಸರೆತ್ತಿ ನಾನೆಂದೂ ಕೇಳಲಿಲ್ಲ. ಮೂರು ವರ್ಷಗಳ ಹಿಂದೆ ಅವರು ತೀರಿಕೊಂಡರು.

ಕಳೆದ ಸಂವತ್ಸರಿಯ ಸಾಯಂಕಾಲ, ಪ್ರತಿಕ್ರಮಣ ಮುಗಿಸಿ ಎಲ್ಲರೂ ಬಂಗಾರಪೇಟೆಯ ಮನೆಯಲ್ಲಿ ಸೇರಿದ್ದಾಗ, ಅಣ್ಣನವರ ಮೊಮ್ಮಗನು ತನ್ನ ಮೊಬೈಲ್ ತೆಗೆದು ಎಲ್ಲರನ್ನೂ ಸುಮ್ಮನಿರಿಸಿದನು. ವಾಟ್ಸ್‌ಆ್ಯಪ್‌ನಲ್ಲಿ ಅಜ್ಜನು ಕಳುಹಿಸಿದ್ದ ಧ್ವನಿಸಂದೇಶಗಳನ್ನು ಒಟ್ಟುಗೂಡಿಸಿ, ಕೃತಕ ಬುದ್ಧಿಮತ್ತೆಯಿಂದ ಅಜ್ಜನ ಕಂಠದಲ್ಲಿ ಹೊಸ ಮಾತುಗಳನ್ನು ಅವನು ಸಿದ್ಧಪಡಿಸಿದ್ದನು. ಆ ಕಂಠವು ಮನೆಯ ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆದು ಮಿಚ್ಛಾಮಿ ದುಕ್ಕಡಂ ಹೇಳಿತು. ನನ್ನ ಹೆಸರೂ ಬಂದಿತು. ‘ನಮ್ಮ ನಡುವೆ ಏನೂ ಇಲ್ಲ, ಎಲ್ಲವನ್ನೂ ಕ್ಷಮಿಸಿದ್ದೇನೆ’ ಎಂದಿತು. ನಾನು ಎಲ್ಲರ ಮುಂದೆ ಅತ್ತುಬಿಟ್ಟೆನು. ಎರಡು ದಶಕಗಳ ಭಾರವು ಇಳಿದಂತಾಯಿತು. ಆ ಸಮಾಧಾನವು ಎಷ್ಟು ಹೊತ್ತು ಇದ್ದೀತೆಂದು ಕೇಳಿದರೆ, ಮನೆಯವರೆಲ್ಲ ಒಂದು ಲೋಟ ನೀರು ಕೊಟ್ಟು ನನ್ನನ್ನು ಕೂರಿಸುವಷ್ಟು ಹೊತ್ತು ಎನ್ನಬೇಕು.

ಅಂದು ಬೇರೆ ಬೇರೆ ವಯಸ್ಸಿನವರು ಆ ಧ್ವನಿಯನ್ನು ಸ್ವೀಕರಿಸಿದ ರೀತಿ ವಿಚಾರಾರ್ಹವಾಗಿದೆ. ಎಪ್ಪತ್ತು ದಾಟಿದ ಅತ್ತಿಗೆಯವರು ಕೊನೆಯವರೆಗೂ ಕೇಳಿ, ‘ಧ್ವನಿ ಅವರದೇ, ಮಾತು ಅವರದಲ್ಲ’ ಎಂದರು. ಐವತ್ತು ವರ್ಷಗಳ ಸಂಸಾರದಲ್ಲಿ ಅಣ್ಣನವರು ಅವರನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಅಲ್ಲದೆ ಯಂತ್ರವು ಶುದ್ಧವಾದ ಹಿಂದಿಯನ್ನು ನುಡಿದಿತ್ತು. ಅಣ್ಣನವರ ಮಾರವಾಡಿಯಲ್ಲಿ ಅರ್ಧ ಕನ್ನಡವೂ, ಗಣಿಯ ಲೈನುಗಳಲ್ಲಿ ಕಲಿತ ತಮಿಳೂ ಬೆರೆತಿರುತ್ತಿದ್ದವು. ನಡುವಯಸ್ಸಿನ ಅವರ ಮಗನು ಮಾತನಾಡಲಿಲ್ಲ. ಆ ಧ್ವನಿಯನ್ನು ತನಗೂ ಕಳುಹಿಸುವಂತೆ ಮಗನಿಗೆ ಮೆಲ್ಲಗೆ ಹೇಳಿದನು. ಮೊಮ್ಮಗನಿಗೆ ಮಾತ್ರ ಅದರ ಬಗೆಗೆ ಯಾವ ಭ್ರಾಂತಿಯೂ ಇರಲಿಲ್ಲ. ‘ಹಳೆಯ ಫೋಟೋಗೆ ಬಣ್ಣ ಹಾಕಿದ ಹಾಗೆ, ಅಷ್ಟೆ. ನೀವು ಹೀಗೆ ಅಳುತ್ತೀರೆಂದು ಗೊತ್ತಿದ್ದರೆ ಮಾಡುತ್ತಲೇ ಇರಲಿಲ್ಲ’ ಎಂದನು.

ಹೊಸ ತಲೆಮಾರು ಯಂತ್ರಕ್ಕೆ ಮರುಳಾಗುತ್ತದೆ, ಹಿರಿಯರು ವಿವೇಕದಿಂದಿರುತ್ತಾರೆ ಎಂದು ನಮ್ಮ ಪತ್ರಿಕೆಗಳಲ್ಲಿ ನಾವು ಬರೆಯುತ್ತಲೇ ಬಂದಿದ್ದೇವೆ. ಅಂದು ಅದು ಸುಳ್ಳಾಯಿತು. ಯಂತ್ರವನ್ನು ಬಲ್ಲ ಹುಡುಗನು ಮೋಸಹೋಗಲಿಲ್ಲ. ಮನುಷ್ಯನನ್ನು ಬಲ್ಲ ಅತ್ತಿಗೆಯವರೂ ಮೋಸಹೋಗಲಿಲ್ಲ. ಸಂಪೂರ್ಣವಾಗಿ ಮೋಸಹೋದವನು, ಧರ್ಮಗ್ರಂಥಗಳನ್ನು ಓದಿದ ನಾನು. ಏಕೆಂದರೆ ಆ ಧ್ವನಿಯಿಂದ ನನಗೆ ಬರಬೇಕಾದದ್ದೊಂದಿತ್ತು. ಸತ್ತವರೊಡನೆ ಬಾಕಿ ಉಳಿಸಿಕೊಂಡವನೇ ಪ್ರತಿರೂಪಕ್ಕೆ ಸುಲಭವಾಗಿ ವಶನಾಗುತ್ತಾನೆ. ಇದರಲ್ಲಿ ವಯಸ್ಸಿಗಿಂತ ಬಾಕಿಯ ಪ್ರಭಾವವೇ ಹೆಚ್ಚು.

ಆ ರಾತ್ರಿ ನಾನು ವ್ಯಾಪಾರಿಯಾಗಿ ಯೋಚಿಸಿದೆನು. 1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಕಲಮಿನ ಪ್ರಕಾರ, ಧಣಿಯು ಮರಣಹೊಂದಿದರೆ ಅವನ ಪರವಾಗಿ ವ್ಯವಹರಿಸುವ ಏಜೆಂಟನ ಅಧಿಕಾರವು ಕೊನೆಗೊಳ್ಳುತ್ತದೆ. ಸತ್ತವನ ಪರವಾಗಿ ಸಾಲವನ್ನು ಮನ್ನಾ ಮಾಡುವ ಹಕ್ಕು ಅವನ ಹಳೆಯ ಗುಮಾಸ್ತನಿಗೆ ಇರುವುದಿಲ್ಲ. ಹಾಗಿರುವಾಗ, ಅಣ್ಣನವರು ಕೊಡದ ಕ್ಷಮೆಯನ್ನು ಅವರ ಕಂಠದಿಂದ ನನ್ನ ಖಾತೆಗೆ ಜಮಾ ಮಾಡುವ ಅಧಿಕಾರವು ಯಾರಿಗಿದೆ? ವೋಚರಿಲ್ಲದ ಜಮೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ನಮ್ಮ ಅಣುವ್ರತಗಳ ಭಾಷೆಯಲ್ಲಿ ಹೇಳುವುದಾದರೆ, ಆಡದ ಮಾತನ್ನು ಆಡಿದರೆಂದು ತೋರಿಸುವುದು ಸತ್ಯವ್ರತಕ್ಕೆ ಭಂಗ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಆ ಹುಡುಗನ ಪ್ರೀತಿಯಲ್ಲಿ ದೋಷವಿಲ್ಲ. ಆದರೆ ನಾನು ಆ ಕ್ಷಮೆಯನ್ನು ಇಟ್ಟುಕೊಂಡಿದ್ದರೆ, ಅಣ್ಣನವರಿಂದ ನಾನು ಎರಡನೆಯ ಸಲ ಕಸಿದುಕೊಂಡಂತಾಗುತ್ತಿತ್ತು.

ಹಾಗಾದರೆ ಅಗಲಿದವರ ಪ್ರತಿರೂಪವೇ ವರ್ಜ್ಯವೇ? ಪ್ರತಿಮೆಯ ಮುಂದೆ ಕೈಮುಗಿಯುವ ನಾವು ಹಾಗೆ ಹೇಳಲಾರೆವು. ‘ತತ್ತ್ವಾರ್ಥಸೂತ್ರ’ದ ಮೊದಲ ಅಧ್ಯಾಯದಲ್ಲಿಯೇ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳಲಾಗಿದೆ. ಒಂದು ವಸ್ತುವಿನಲ್ಲಿ ಇನ್ನೊಂದನ್ನು ಭಾವಿಸಿ ನಿಲ್ಲಿಸುವುದು ಸ್ಥಾಪನೆ. ಅದು ಆಕಾರದಲ್ಲಿ ಹೋಲಬಹುದು, ಚದುರಂಗದ ಆನೆ ಕುದುರೆಗಳಂತೆ ಹೋಲದೆಯೂ ಇರಬಹುದು. ಸ್ಥಾಪನೆಯು ತಾನು ಸ್ಥಾಪನೆಯೆಂಬುದನ್ನು ಮರೆಮಾಚುವುದಿಲ್ಲ. ತೀರ್ಥಂಕರರ ಬಿಂಬವನ್ನು ಪೂಜಿಸುವಾಗ, ಸಿದ್ಧರಾದವರು ಮರಳಿ ಬಂದು ಅದರಲ್ಲಿ ಕುಳಿತಿದ್ದಾರೆಂದು ನಾವು ನಂಬುವುದಿಲ್ಲ. ಬಿಂಬವು ನಮ್ಮ ಪರವಾಗಿ ಹೊಸ ಮಾತನ್ನು ಆಡಲೆಂದೂ ಬಯಸುವುದಿಲ್ಲ.

ಈ ದೃಷ್ಟಿಯಿಂದ ಕೊಪ್ಪಳದ ಒಂದು ಘಟನೆಯನ್ನು ನೋಡಬೇಕು. 2017ರ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ಪತ್ನಿಯನ್ನು ಕಳೆದುಕೊಂಡ ಉದ್ಯಮಿಯೊಬ್ಬರು, 2020ರ ಆಗಸ್ಟ್‌ನಲ್ಲಿ ತಮ್ಮ ಹೊಸ ಮನೆಯ ಗೃಹಪ್ರವೇಶದಂದು ಆಕೆಯ ಸಿಲಿಕೋನ್ ಪ್ರತಿಮೆಯನ್ನು ಸೀರೆ ಉಡಿಸಿ, ಆಸನದ ಮೇಲೆ ಕೂರಿಸಿ, ಅತಿಥಿಗಳನ್ನು ಎದುರುಗೊಂಡರು. ಬೆಂಗಳೂರಿನ ಕಲಾವಿದ ಶ್ರೀಧರ ಮೂರ್ತಿ ಅವರು ನಿರ್ಮಿಸಿದ ಆ ಪ್ರತಿಮೆಯ ಚಿತ್ರಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದವು. ಕೊಪ್ಪಳದ ಬಿಸಿಲಿಗೆ ಮೇಣ ತಾಳದೆಂದು ಸಿಲಿಕೋನನ್ನು ಆರಿಸಿಕೊಳ್ಳಲಾಗಿತ್ತು. ಅಂದು ಅನೇಕ ಹಿರಿಯರು ಇದನ್ನು ಮೋಹದ ಪರಾಕಾಷ್ಠೆಯೆಂದು ಟೀಕಿಸಿದರು. ಕಿರಿಯರು ಅನುರಾಗವೆಂದು ಕೊಂಡಾಡಿದರು. ನಾನು ಟೀಕಿಸಿದವರ ಪಕ್ಷದಲ್ಲಿದ್ದೆನು. ಈಗ ಆ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತೇನೆ. ಅದರಲ್ಲಿ ಮೋಹವಿದೆ, ನಿಜ. ಆದರೆ ಆ ಪ್ರತಿಮೆ ಮೌನವಾಗಿದೆ. ಆಕೆ ಹೇಳದ ಯಾವ ಮಾತನ್ನೂ ಅದು ಹೇಳುವುದಿಲ್ಲ.

ಅದೇ ಕೊಪ್ಪಳವು ಪ್ರಾಚೀನ ಕಾಲದಲ್ಲಿ ಕೊಪಣವೆಂಬ ಹೆಸರಿನ ಜೈನ ಮಹಾತೀರ್ಥವಾಗಿತ್ತು. ಅಲ್ಲಿಯ ಪಾಲ್ಕಿಗುಂಡು ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಜಟಾಸಿಂಹನಂದಿ ಆಚಾರ್ಯರ ಪಾದಚಿಹ್ನೆಗಳೂ ಇವೆ. ಚಾವಯ್ಯನೆಂಬುವನು ಅವನ್ನು ಮಾಡಿಸಿದನೆಂದು ಅಲ್ಲಿಯ ಹಳಗನ್ನಡ ಬರಹವು ತಿಳಿಸುತ್ತದೆ. ‘ವರಾಂಗಚರಿತ’ವನ್ನು ಬರೆದ ಆಚಾರ್ಯರು ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶ್ರವಣಬೆಳಗೊಳದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನು ಸಲ್ಲೇಖನದಿಂದ ಮುಡಿಪಿದ ತನ್ನ ಪತ್ನಿ ಲಕ್ಷ್ಮೀಮತಿಗೆ ನಿಷಿಧಿಯನ್ನು ನಿಲ್ಲಿಸಿದನು. ಅವನೂ ಪತ್ನಿಯನ್ನು ಕಳೆದುಕೊಂಡ ಗಂಡನೇ. ನಿಷಿಧಿಯ ಕಲ್ಲು ಆಕೆಯ ಗುಣವನ್ನೂ ಮರಣವನ್ನೂ ಒಟ್ಟಿಗೆ ಹೇಳುತ್ತದೆ. ಪಾದಚಿಹ್ನೆಯಂತೂ ಇಲ್ಲಿ ನಿಂತಿದ್ದವರು ಈಗ ಇಲ್ಲಿಲ್ಲ ಎಂಬುದನ್ನೇ ತೋರಿಸುತ್ತದೆ. ನಮ್ಮ ಪೂರ್ವಿಕರಿಗೆ ಮೂರ್ತಿಶಿಲ್ಪವು ತಿಳಿಯದ ವಿದ್ಯೆಯಾಗಿರಲಿಲ್ಲ. ಆದರೂ ಆಚಾರ್ಯರ ಸ್ಮರಣೆಗೆ ಅವರು ಹೆಜ್ಜೆಯನ್ನು ಕೆತ್ತಿಸಿದರೆಂಬುದನ್ನು ಮನನ ಮಾಡಬೇಕು.

ಸಂತೈಸುವಿಕೆಯೂ ದಯೆಯಲ್ಲವೇ ಎಂದು ಕೆಲವರು ಕೇಳಬಹುದು. ಅನೇಕಾಂತವನ್ನು ನಂಬುವ ನಾವು ಆ ಪಕ್ಷವನ್ನೂ ಕೇಳಬೇಕು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ದೂರದರ್ಶನವು, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಕಣ್ಣಿಗೆ ಯಂತ್ರವನ್ನು ಕಟ್ಟಿಕೊಂಡು ಆ ಮಗುವಿನ ಪ್ರತಿರೂಪವನ್ನು ಕಾಣುವ ದೃಶ್ಯವನ್ನು ಪ್ರಸಾರ ಮಾಡಿತು. ಆ ತಾಯಿ ಗಾಳಿಯಲ್ಲಿ ಕೈಚಾಚಿ ಮಗುವನ್ನು ತಡವುವುದನ್ನು ನೋಡಿದವರಾರೂ ಆಕೆಯನ್ನು ದೂಷಿಸಲಾರರು. 2024ರ ಜನವರಿಯಲ್ಲಿ, ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಹಾಡೊಂದಕ್ಕೆ ಎ. ಆರ್. ರೆಹಮಾನ್ ಅವರು ಅಗಲಿದ ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ಧ್ವನಿಗಳನ್ನು ಯಂತ್ರದಿಂದ ಪಡೆದಾಗ, ಕುಟುಂಬಗಳ ಅನುಮತಿಯನ್ನು ಕೇಳಿ ಸಂಭಾವನೆಯನ್ನೂ ಸಲ್ಲಿಸಿದರು. ಇದು ಪ್ರಾಮಾಣಿಕ ವ್ಯವಹಾರ. ಅದೇ ತಿಂಗಳು ತಮಿಳುನಾಡಿನಲ್ಲಿ ಒಂದು ಪುಸ್ತಕ ಬಿಡುಗಡೆಯ ಸಭೆಯಲ್ಲಿ, 2018ರಲ್ಲಿ ನಿಧನರಾದ ಎಂ. ಕರುಣಾನಿಧಿಯವರ ಕೃತಕ ರೂಪವು ಕಾಣಿಸಿಕೊಂಡು, ಬದುಕಿರುವವರನ್ನು ಹೊಗಳಿತು. ಹಾಡುವುದಕ್ಕೂ ಹೊಗಳುವುದಕ್ಕೂ ಭೇದವಿದೆ. ಹೊಗಳಿಕೆ, ಕ್ಷಮೆ, ಆಶೀರ್ವಾದ, ಇವು ಒಬ್ಬ ವ್ಯಕ್ತಿಯ ಸಂಕಲ್ಪದಿಂದ ಬರತಕ್ಕವು. ವಾರಸುದಾರರು ಕಂಠವನ್ನು ಬಾಡಿಗೆಗೆ ಕೊಡಬಹುದು, ಸಂಕಲ್ಪವನ್ನು ಕೊಡಲಾರರು.

ಪುನಃ ಪಂಪನ ಸಭೆಗೆ ಬರೋಣ. ಬದಲಿಯವಳನ್ನು ಇಂದ್ರನು ಸೃಷ್ಟಿಸಿದ್ದು ನೀಲಾಂಜನೆಯ ಹಿತಕ್ಕಾಗಿ ಅಲ್ಲ. ನೋಡುವವರ ರಸಕ್ಕೆ ಭಂಗ ಬರಬಾರದೆಂದು. ಅಗಲಿದವರ ಪ್ರತಿರೂಪವೆಲ್ಲ ಉಳಿದವರ ಸುಖಕ್ಕಾಗಿಯೇ ನಿರ್ಮಾಣವಾಗುತ್ತದೆಂಬುದನ್ನು ಕವಿಯು ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದನು. ಅಂದು ಸಭೆಯು ಏನನ್ನು ಕಳೆದುಕೊಂಡಿತು? ನೃತ್ಯವನ್ನಂತೂ ಕಳೆದುಕೊಳ್ಳಲಿಲ್ಲ. ಒಬ್ಬಳು ಕಣ್ಣೆದುರಿನಲ್ಲಿಯೇ ಸತ್ತಳೆಂಬುದನ್ನು ತಿಳಿಯುವ ಅವಕಾಶವನ್ನು ಕಳೆದುಕೊಂಡಿತು. ಆದಿದೇವನಿಗೆ ದೊರೆತ ಸಂಪತ್ತು ಅದೊಂದೇ. ನಮ್ಮ ಕಡೆಯ ಪರಂಪರೆಯಲ್ಲಿ ಹೇಳುವ ಮಲ್ಲಿಕುಮಾರಿಯ ಕಥೆಯೂ ಇದನ್ನೇ ಸೂಚಿಸುತ್ತದೆ; ದಿಗಂಬರ ಬಂಧುಗಳು ಆ ಚರಿತ್ರೆಯನ್ನು ಬೇರೆ ವಿಧವಾಗಿ ಹೇಳುತ್ತಾರೆ. ಆಕೆಯು ತನ್ನನ್ನೇ ಹೋಲುವ ಟೊಳ್ಳಾದ ಚಿನ್ನದ ಪ್ರತಿಮೆಯನ್ನು ಮಾಡಿಸಿ, ದಿನವೂ ಒಂದು ತುತ್ತು ಅನ್ನವನ್ನು ಅದರೊಳಗೆ ಹಾಕಿಸುತ್ತಿದ್ದಳು. ಆರು ರಾಜರು ಪ್ರತಿಮೆಯನ್ನು ಕಂಡು ಮರುಳಾದಾಗ ಮುಚ್ಚಳವನ್ನು ತೆರೆಸಿದಳು. ದುರ್ಗಂಧವು ತಾಳಲಾರದೆ ಅವರು ಮುಖ ತಿರುಗಿಸಿದರು. ಬಳಿಕ ವಿವೇಕವನ್ನು ಪಡೆದರು. ಆ ಪ್ರತಿಮೆಯು ಭ್ರಾಂತಿಯನ್ನು ಹುಟ್ಟಿಸಿ ತಾನೇ ಒಡೆಯಿತು. ಮೊಬೈಲಿನಲ್ಲಿರುವ ಧ್ವನಿಗೆ ಅಂಥ ಮುಚ್ಚಳವಿಲ್ಲ.

ನಂದಿದುರ್ಗ ಗಣಿಯ ಪಾಳಿಯ ಸೈರನ್ ಕೇಳಿ ಬೆಳೆದವರು ನಾವು. ಅದನ್ನು ಇಂದು ಯಾರಾದರೂ ಧ್ವನಿವರ್ಧಕದಲ್ಲಿ ಊದಿಸಿದರೆ ನಮ್ಮ ವಯಸ್ಸಿನವರ ಕಣ್ಣು ತೇವವಾದೀತು. ಆದರೆ ಯಾರೂ ಬುತ್ತಿ ಹಿಡಿದು ಗಣಿಗೆ ಹೊರಡುವುದಿಲ್ಲ. ಸ್ಮರಣೆಯು ಆ ಮಿತಿಯಲ್ಲಿದ್ದರೆ ಅದರಿಂದ ಯಾರಿಗೂ ಕೇಡಿಲ್ಲ.

ಮರುದಿನ ಬೆಳಿಗ್ಗೆ ನಾನು ಬಂಗಾರಪೇಟೆಯ ಮನೆಗೆ ಮತ್ತೆ ಹೋದೆನು. ಸತ್ತವರ ಆಸ್ತಿಯೂ ಬಾಕಿಯೂ ಬದುಕಿರುವ ವಾರಸುದಾರರಿಗೆ ಬರುತ್ತವೆಂಬುದು ನಾನು ಕಲಿತ ಪಾಠ. ಅಣ್ಣನವರ ಮಗನ ಮುಂದೆ ಹಳೆಯ ಪಾಲುಪಟ್ಟಿಯನ್ನಿಟ್ಟು, ಯಾವ ಸಾಲಿನಲ್ಲಿ ನಾನು ಏನು ಮಾಡಿದ್ದೆನೆಂದು ಬೆರಳಿಟ್ಟು ತೋರಿಸಿ, ಕೈಮುಗಿದು ಕ್ಷಮೆ ಕೇಳಿದೆನು. ಅವನು ಬಹಳ ಹೊತ್ತು ಆ ಕಾಗದವನ್ನೇ ನೋಡಿದನು. ‘ಅಪ್ಪನಿಗೆ ಗೊತ್ತಿತ್ತು’ ಎಂದನು. ಕ್ಷಮಿಸಿದೆನೆಂದು ಅಂದು ಹೇಳಲಿಲ್ಲ. ಇದುವರೆಗೂ ಹೇಳಿಲ್ಲ. ಆದರೆ ಈ ಮೌನವು ಒಬ್ಬ ಬದುಕಿರುವ ಮನುಷ್ಯನದು. ಯಂತ್ರದ ಕ್ಷಮೆಗಿಂತ ಇದನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಮೊಮ್ಮಗನು ತಾನು ತಯಾರಿಸಿದ್ದನ್ನು ಅಳಿಸಿಹಾಕಿದನು. ಅಣ್ಣನವರ ನಿಜವಾದ ಧ್ವನಿಸಂದೇಶಗಳನ್ನು ಅತ್ತಿಗೆಯವರ ಮೊಬೈಲಿಗೆ ಹಾಕಿಕೊಟ್ಟನು. ಲಾರಿ ಬಂತೇ, ಹಾಲು ತಂದಿರೇ, ಮಳೆ ಹೇಗಿದೆ ಎಂಬಂಥ ಮಾತುಗಳು ಅವು. ಅತ್ತಿಗೆಯವರು ಆಗಾಗ ಕೇಳುತ್ತಾರಂತೆ.

ಬಸದಿ ಮತ್ತು ಮಂದಿರಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ದಾನಿಗಳ ಸ್ಮರಣಾರ್ಥ ಮಾತನಾಡುವ ಚಿತ್ರಗಳನ್ನು ಇಡಬೇಕೆಂಬ ಕೋರಿಕೆಗಳು ನಮ್ಮ ಸಂಸ್ಥೆಗಳಿಗೂ ಬಂದೇ ಬರುತ್ತವೆ. ಅವರು ಜೀವಿತಕಾಲದಲ್ಲಿ ಆಡಿದ ಮಾತಾಗಿದ್ದರೆ, ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ, ಅವರು ಈಗಿಲ್ಲವೆಂಬುದನ್ನು ಆ ಚಿತ್ರದ ಬಳಿಯೇ ಬರೆದಿರುವುದಾದರೆ, ಇಡಲು ಅಡ್ಡಿಯಿಲ್ಲ. ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಒಪ್ಪಬಾರದು. ವಿಶೇಷವಾಗಿ ಸಂವತ್ಸರಿಯ ದಿನ, ಸತ್ತವರ ಕಂಠದಿಂದ ಕ್ಷಮೆಯನ್ನು ಕೇಳಿಸುವ ಪದ್ಧತಿಗೆ ನಮ್ಮ ಸಭಾಂಗಣಗಳಲ್ಲಿ ಎಡೆಗೊಡಬಾರದು. ಕ್ಷಮೆ ಕೇಳಬೇಕಾದವರು ನಮ್ಮ ಪಕ್ಕದ ಚಾಪೆಯಲ್ಲಿಯೇ ಕುಳಿತಿರುತ್ತಾರೆ.